ಕೆಜಿ ಒಂದನ್ನೇ ನೋಡಿ ಇಂಜಿನ್ ಸ್ಟ್ಯಾಂಡ್ ತರಬೇಡಿ

ಇಂಜಿನ್ ಇಳಿಸುವ ತನಕ ಎಲ್ಲರಿಗೂ ಹುಮ್ಮಸ್ಸು. ಭಾರ ಎತ್ತುವ ಚೈನ್ ಬ್ಲಾಕಿಗೆ ಸಿಕ್ಕಿಸಿ ಮೇಲಕ್ಕೆತ್ತಿ, ಬಾನೆಟ್ ಬಿಚ್ಚಿದ ಗಾಡಿಯನ್ನು ಹಿಂದಕ್ಕೆ ತಳ್ಳಿದ ಮೇಲೆ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಎಣ್ಣೆ ತೊಟ್ಟಿಕ್ಕುವ ಆ ಕಬ್ಬಿಣದ ಮುದ್ದೆ ಗಾಳಿಯಲ್ಲಿ ತೂಗುತ್ತಿರುತ್ತದೆ. ಈಗ ಇದನ್ನು ಎಲ್ಲಿ ಕೂರಿಸುವುದು? ಇಳಿಸಿದ ಇಂಜಿನ್ ಅನ್ನು ಕೆಲಸ ಮುಗಿಯುವ ತನಕ ಹಿಡಿದಿಡುವ, ಚಕ್ರದ ಬುಡದ ಮೇಲೆ ನಿಂತ ಕಂಬವೇ ಇಂಜಿನ್ ಸ್ಟ್ಯಾಂಡ್.

ಈ ಪ್ರಶ್ನೆ ಹೊತ್ತು ನನ್ನ ಹತ್ತಿರ ಬರುವವರಲ್ಲಿ ಮೂರು ಬಗೆ. ಅಪ್ಪನ ಕಾಲದ ಜೀಪನ್ನು ಮನೆಯ ಶೆಡ್ಡಿನಲ್ಲೇ ಮತ್ತೆ ಓಡುವಂತೆ ಮಾಡಲು ಹೊರಟವರು ಮೊದಲಿಗರು. ಸಾಲ ಮಾಡಿ ಹೊಸದಾಗಿ ಗ್ಯಾರೇಜು ತೆರೆದ ಹುಡುಗರು ಎರಡನೆಯವರು. ಹೊರದೇಶದಲ್ಲಿದ್ದು, ಶನಿವಾರ ಭಾನುವಾರ ಮನೆಯ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವ ನಮ್ಮವರು ಮೂರನೆಯವರು. ಮೂವರೂ ಕೇಳುವುದು ಒಂದೇ ಮಾತು: "450 ಕೆಜಿದು ಸಾಕಾ, 900 ಕೆಜಿದು ಬೇಕಾ?" ಪ್ರಶ್ನೆಯಲ್ಲೇ ಸಣ್ಣ ಎಡವಟ್ಟಿದೆ. ಅದನ್ನು ಬಿಡಿಸಿದರೆ ಅರ್ಧ ಉತ್ತರ ತಾನಾಗಿ ಬರುತ್ತದೆ.

ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಅರ್ಧ ಮೈಲಿ ನಡೆಯುವ ಹೆಂಗಸರನ್ನು ನೋಡಿದ್ದೀರಿ. ಅದೇ ಕೊಡವನ್ನು ಕೈ ಚಾಚಿ ಹಿಡಿದು ಹತ್ತು ಹೆಜ್ಜೆ ಇಡಿ ನೋಡೋಣ. ಕೊಡದ ತೂಕ ಅಷ್ಟೇ ಇದೆ, ಮೈಯಿಂದ ಅದರ ದೂರ ಮಾತ್ರ ಬೇರೆ. ಸ್ಟ್ಯಾಂಡಿಗೆ ಬಿದ್ದಿರುವುದು ಈ ಕೈ ಚಾಚುವ ಕೆಲಸ. ಇಂಜಿನ್‌ನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂರುವ ಮುಖದಲ್ಲಿ, ನಾಲ್ಕು ಬೋಲ್ಟು ಅದನ್ನು ಸ್ಟ್ಯಾಂಡಿನ ಕಂಬದ ತಲೆಗೆ ಹಿಡಿದುಕೊಂಡಿರುತ್ತವೆ; ಇಡೀ ಇಂಜಿನ್ ಮುಂದೆ ಗಾಳಿಯಲ್ಲಿ ಚಾಚಿ ನಿಂತಿರುತ್ತದೆ.

ಲೆಕ್ಕ ಹಾಕೋಣ. ನಾಲ್ಕು ಸಿಲಿಂಡರಿನ ಇಂಜಿನ್ 200 ಕೆಜಿ ಎಂದಿಟ್ಟುಕೊಳ್ಳಿ, ಅದರ ತೂಕದ ನಡುಬಿಂದು ಕಂಬದಿಂದ 40 ಸೆಂಟಿಮೀಟರ್ ಮುಂದೆ. ಕಂಬವನ್ನು ಬಗ್ಗಿಸುವ ಬಲ 200 ಗುಣಿಸು 0.4, ಅಂದರೆ 80 ಕೆಜಿ-ಮೀಟರ್. ಈಗ ಆರು ಸಿಲಿಂಡರ್ ಸಾಲಾಗಿರುವ ಉದ್ದನೆಯ ಇಂಜಿನ್ ತನ್ನಿ: 250 ಕೆಜಿ, ನಡುಬಿಂದು 55 ಸೆಂಟಿಮೀಟರ್ ಆಚೆ. ಬಗ್ಗಿಸುವ ಬಲ 137ಕ್ಕೂ ಮೇಲೆ ಹೋಯಿತು. ತೂಕ ಏರಿದ್ದು ಕಾಲು ಪಾಲು, ಕಂಬದ ಕಷ್ಟ ಏರಿದ್ದು ಸುಮಾರು ಮುಕ್ಕಾಲು ಪಾಲು. ಸ್ಟಿಕ್ಕರಿನ ಮೇಲಿನ ಕೆಜಿ ಈ ದೂರದ ಬಗ್ಗೆ ಏನೂ ಹೇಳುವುದಿಲ್ಲ. ಹಾಗಾಗಿ ನನ್ನ ಕೈಲೆಕ್ಕ ಇಷ್ಟೇ: ಮೋಟು ಇಂಜಿನ್‌ಗೆ ಅದರ ತೂಕದ ಎರಡು ಪಟ್ಟು ಬರೆದಿರುವ ಸ್ಟ್ಯಾಂಡ್, ಉದ್ದನೆಯದಕ್ಕೆ ಮೂರು ಪಟ್ಟು.

ತೂಕ ಗೊತ್ತಿಲ್ಲವೇ? ಹತ್ತಿರದ ಗುಜರಿ ಅಂಗಡಿಯಲ್ಲಿ ಪ್ಲಾಟ್‌ಫಾರ್ಮ್ ತಕ್ಕಡಿ ಇರುತ್ತದೆ. ಗೂಡ್ಸ್ ಆಟೋದಲ್ಲಿ ಒಯ್ದು ತೂಗಿಸಿ, ಟೀ ಖರ್ಚಿನಲ್ಲಿ ಮುಗಿಯುತ್ತದೆ. ಒಂದು ಅಂದಾಜಿಗೆ ಹೇಳುವುದಾದರೆ, ಸ್ವಿಫ್ಟ್, ಇಂಡಿಕಾ ವಿಸ್ತಾ, ಪುಂಟೊ ಎಲ್ಲಕ್ಕೂ ಬಂದ ಫಿಯಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಸುಮಾರು 130 ಕೆಜಿ. ಅಮೆರಿಕದವರು ತಲೆಮಾರುಗಳಿಂದ ಬಿಚ್ಚಿ ಕೂಡಿಸುತ್ತಿರುವ ಷೆವ್ರೊಲೆಯ ಎಂಟು ಸಿಲಿಂಡರಿನ ಸ್ಮಾಲ್ ಬ್ಲಾಕ್ ವಿ8, ಎರಕದ ಕಬ್ಬಿಣದ್ದಾದರೆ, 260 ಕೆಜಿಯ ಆಸುಪಾಸು. ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ ಅನ್ನು ಇಬ್ಬರು ಹುಡುಗರು ಎತ್ತಿ ಬೆಂಚಿನ ಮೇಲಿಡುತ್ತಾರೆ. ಆನ್‌ಲೈನಿನಲ್ಲಿ ಬರುವ ಸ್ಟ್ಯಾಂಡುಗಳ ಮೇಲೆ ಅಮೆರಿಕದ ಪೌಂಡ್ ಲೆಕ್ಕ ಇರುತ್ತದೆ ಎಂಬುದು ನೆನಪಿರಲಿ. 1000 ಎಂದಿದ್ದರೆ ಅದು 454 ಕೆಜಿ, 750 ಎಂದರೆ 340, 2000 ಎಂದರೆ 907. ಸಾವಿರ ಕೆಜಿಯದು ಎಂದುಕೊಂಡು ಸಾವಿರ ಪೌಂಡಿನದನ್ನು ತಂದವರನ್ನು ನಾನು ಕಂಡಿದ್ದೇನೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ತೂಕ ಮತ್ತು ದೂರ ಮೊದಲನೆಯದು, ಅದಾಯಿತು. ಎರಡನೆಯದು, ಇಂಜಿನ್ ಅನ್ನು ಎಷ್ಟು ಸಲ ತಿರುಗಿಸುತ್ತೀರಿ? ಬರೀ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಗ್ಯಾಸ್ಕೆಟ್, ಟೈಮಿಂಗ್ ಚೈನ್ ಕೆಲಸವಾದರೆ ತಿರುಗಿಸುವ ಅಗತ್ಯವೇ ಇಲ್ಲ. ಬೋರ್ ಹೊಡೆಸಿ, ಕ್ರ್ಯಾಂಕ್ (ಇಂಜಿನ್‌ನ ಕೆಳಭಾಗದಲ್ಲಿ ತಿರುಗುವ ದಂಡ) ಕೂರಿಸಿ, ಬೇರಿಂಗ್ ಹಾಕುವ ಪೂರ್ತಿ ಕೆಲಸವಾದರೆ ಹತ್ತಾರು ಸಲ ಮಗುಚಬೇಕು.

ಮೂರನೆಯದು ನೆಲ. ಇದನ್ನು ಯಾರೂ ಕೇಳುವುದಿಲ್ಲ, ನಮ್ಮ ಕಡೆ ಇದೇ ಮೊದಲು ಕೈಕೊಡುವುದು. ಸ್ಟ್ಯಾಂಡಿನ ಸಣ್ಣ ಕಬ್ಬಿಣದ ಚಕ್ರಗಳು ನುಣುಪಾದ ಕಾಂಕ್ರೀಟ್ ನೆಲಕ್ಕೆಂದು ಮಾಡಿದವು. ನಮ್ಮ ಶೆಡ್ಡುಗಳಲ್ಲಿ ಇರುವುದು ಸಂದು ಬಿಟ್ಟ ಕಡಪ ಕಲ್ಲು, ಇಂಟರ್‌ಲಾಕ್ ಟೈಲು, ಇಲ್ಲವೇ ಗುಂಡಿ ಬಿದ್ದ ಸಿಮೆಂಟು. ನನ್ನದೇ ಹಳೆಯ ಶೆಡ್ಡಿನಲ್ಲಿ ಒಮ್ಮೆ ಮೂರು ಚಕ್ರದ ಸ್ಟ್ಯಾಂಡಿನ ಮುಂಚಕ್ರ ಕಡಪ ಕಲ್ಲಿನ ಸಂದಿಯಲ್ಲಿ ಸಿಕ್ಕಿ ಇಡೀ ಇಂಜಿನ್ ಪಕ್ಕಕ್ಕೆ ವಾಲಿತು. ಚೈನ್ ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ಬಚಾವು. ಆವತ್ತು ಸಂಜೆ ಯಾರೂ ಹೆಚ್ಚು ಮಾತಾಡಲಿಲ್ಲ.

ನಾಲ್ಕನೆಯದು, ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಇಂಜಿನ್‌ನ ಒಡಲು, ಕಬ್ಬಿಣದ್ದೋ ಅಲ್ಯೂಮಿನಿಯಂನದ್ದೋ? ಜಿಪ್ಸಿಯ ಜಿ13, ಈಚಿನ ಮಾರುತಿಗಳ ಕೆ ಸರಣಿ, ಇವೆಲ್ಲ ಅಲ್ಯೂಮಿನಿಯಂ ಬ್ಲಾಕುಗಳು. ತೂಕ ಕಡಿಮೆ, ಆದರೆ ಥ್ರೆಡ್ ಬೇಗ ಹೋಗುತ್ತದೆ. ಐದನೆಯದು, ಎತ್ತುವ ಸಾಧನ. ಕ್ರೇನಿನ ಕಾಲುಗಳೂ ಸ್ಟ್ಯಾಂಡಿನ ಕಾಲುಗಳೂ ನೆಲದ ಮೇಲೆ ಒಂದರೊಳಗೊಂದು ಹೋಗಬೇಕು. ಎರಡೂ ಒಂದೇ ಅಗಲವಿದ್ದರೆ ಇಂಜಿನ್ ಕಂಬದ ಹತ್ತಿರಕ್ಕೇ ಬರುವುದಿಲ್ಲ. ಕೊಳ್ಳುವ ಮೊದಲು ಟೇಪ್ ಹಿಡಿದು ಎರಡನ್ನೂ ಅಳೆಯಿರಿ.

ಟೈರ್ ಮತ್ತು ಮರದ ಹಲಗೆ

ನಗಬೇಡಿ. ಹಳೆಯ ಟೈರಿನ ಮೇಲೆ ಇಂಜಿನ್ ಕೂರಿಸುವುದು ನಮ್ಮ ಗ್ಯಾರೇಜುಗಳ ಬಲು ಹಳೆಯ ಪದ್ಧತಿ. ತಿರುಗಿಸದೆ ಮುಗಿಯುವ ಕೆಲಸಕ್ಕೆ ಇದಕ್ಕಿಂತ ಭದ್ರವಾದದ್ದು ಇನ್ನೊಂದಿಲ್ಲ. ತೂಕ ನೆಲಕ್ಕೇ ಹೋಗುತ್ತದೆ, ಕೈ ಚಾಚುವ ಮಾತೇ ಇಲ್ಲ, ಬೀಳಲು ಎತ್ತರವೂ ಇಲ್ಲ. ತೊಂದರೆ ಎರಡು. ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪ್ ತಗಡಿನದಾದರೆ ಭಾರ ಬಿದ್ದು ನೆಗ್ಗುತ್ತದೆ, ಒಳಗಿನ ಆಯಿಲ್ ಪಂಪಿನ ಜಾಲರಿ ಒತ್ತಿಕೊಂಡರೆ ಹೊಸ ಬೇರಿಂಗು ಹಾಕಿದ ಇಂಜಿನ್‌ಗೂ ಆಯಿಲ್ ಸಿಗದೆ ಹೋಗುತ್ತದೆ. ಹಾಗಾಗಿ ಭಾರ ಸಂಪಿನ ಮೇಲಲ್ಲ, ಬ್ಲಾಕಿನ ಅಂಚಿನ ಮೇಲೆ ಬೀಳುವಂತೆ ಎರಡು ಬದಿಗೂ ಮರದ ದಿಮ್ಮಿ ಕೊಡಿ. ಇನ್ನೊಂದು ತೊಂದರೆ ನಿಮ್ಮ ಬೆನ್ನಿನದು. ಮೂರು ದಿನ ಕುಕ್ಕರಗಾಲಿನಲ್ಲಿ ಕೂತರೆ ಗೊತ್ತಾಗುತ್ತದೆ.

ಮೂರು ಚಕ್ರದ ಸ್ಟ್ಯಾಂಡ್

ಎಲ್ಲಕ್ಕಿಂತ ಅಗ್ಗ, ಮಡಚಿ ಗೋಡೆಗೆ ಒರಗಿಸಬಹುದು. ಹಿಂದೆ ಎರಡು ಚಕ್ರ, ಮುಂದೆ ಇಂಜಿನ್ ಕೆಳಗೆ ಒಂದು. ಮುಂದಕ್ಕೆ ಬೀಳುವುದಿಲ್ಲ ಎಂದು ಮಾರುವವರು ಹೇಳುತ್ತಾರೆ, ಅದು ನಿಜವೇ. ಬೀಳುವುದು ಪಕ್ಕಕ್ಕೆ. ಹಿಂದಿನ ಚಕ್ರಗಳ ನಡುವೆ 60 ಸೆಂಟಿಮೀಟರ್, ಇಂಜಿನ್‌ನ ನಡುಬಿಂದು ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದೆ ಎನ್ನಿ. ನಾಲ್ಕು ಮೂಲೆಗೆ ನಾಲ್ಕು ಚಕ್ರ ಇದ್ದಿದ್ದರೆ ಅದು ಉರುಳಲು 18 ಡಿಗ್ರಿ ವಾಲಬೇಕಿತ್ತು. ಮೂರು ಚಕ್ರದಲ್ಲಿ ಆಧಾರವೇ ತ್ರಿಕೋನ, ಮುಂದೆ ಹೋದಂತೆ ಕಿರಿದಾಗುತ್ತದೆ. ಇಂಜಿನ್‌ನ ಭಾರ ಆ ತ್ರಿಕೋನದ ನಡುವಿನಲ್ಲಿ ಬಂದರೆ ಬರೀ 9 ಡಿಗ್ರಿ ವಾಲಿದರೆ ಸಾಕು, ಅಲ್ಲಿಗೆ ಮುಗಿಯಿತು. ಒಂದು ಚಕ್ರ ಕಡಪ ಕಲ್ಲಿನ ಸಂದಿಗೆ ಇಳಿದು, ಪಕ್ಕದಿಂದ ಒಬ್ಬ ಜೋರಾಗಿ ಪಾನಾ ಎಳೆದರೆ 9 ಡಿಗ್ರಿ ದೂರದ ಮಾತಲ್ಲ.

ನುಣುಪಾದ ನೆಲ, ನೂರು ಕೆಜಿಯೊಳಗಿನ ಇಂಜಿನ್, ಒಂದೇ ಸಲದ ಕೆಲಸ, ಈ ಮೂರೂ ಕೂಡಿದರೆ ತೆಗೆದುಕೊಳ್ಳಿ. ಒಂದು ತಪ್ಪಿದರೂ ಬೇಡ. ಡೀಸೆಲ್ ಇಂಜಿನ್‌ಗಂತೂ ಬೇಡವೇ ಬೇಡ.

ನಾಲ್ಕು ಚಕ್ರದ್ದು, ಕೈಯಿಂದ ತಿರುಗಿಸುವಂಥದ್ದು

ಬಹಳ ಜನಕ್ಕೆ ಸರಿಹೊಂದುವುದು ಇದು. ಕಂಬದ ತಲೆಯಲ್ಲಿ ಇಂಜಿನ್ ಬಿಗಿಯುವ ತಿರುಗುವ ತಟ್ಟೆಯ ಸುತ್ತ ತೂತುಗಳಿರುತ್ತವೆ, ಬೇಕಾದ ಕೋನದಲ್ಲಿ ಪಿನ್ ಹಾಕಿ ನಿಲ್ಲಿಸುತ್ತೀರಿ. ಸರಳ, ಕೆಡುವ ಭಾಗ ಕಡಿಮೆ. ಅಪಾಯ ಇರುವುದು ಪಿನ್ ಎಳೆಯುವ ಆ ಒಂದು ಕ್ಷಣದಲ್ಲಿ.

ಹೆಡ್ ಇರುವ ಇಂಜಿನ್‌ನ ತೂಕದ ನಡುಬಿಂದು ಕ್ರ್ಯಾಂಕಿನ ನೇರಕ್ಕೆ ಇರುವುದಿಲ್ಲ, ಅದಕ್ಕಿಂತ ಮೇಲಿರುತ್ತದೆ. ನೋಡಲು ಚಂದ ಎಂದು ತಟ್ಟೆಯ ನಡುವನ್ನು ಸರಿಯಾಗಿ ಕ್ರ್ಯಾಂಕಿನ ನೇರಕ್ಕೆ ಕೂರಿಸಿದರೆ ಭಾರವೆಲ್ಲ ತಿರುಗುವ ಬಿಂದುವಿನ ಮೇಲೆ ಕೂತಿರುತ್ತದೆ. ಪಿನ್ ಎಳೆದ ತಕ್ಷಣ ಇಂಜಿನ್ ತಾನಾಗಿ ಮಗುಚಿಕೊಳ್ಳುತ್ತದೆ, ಹ್ಯಾಂಡಲ್ ಮುಂಗೈಗೆ ಬಡಿಯುತ್ತದೆ. ತಟ್ಟೆಯ ನಡುವನ್ನು ಕ್ರ್ಯಾಂಕಿಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಇಟ್ಟು ನೋಡಿ. ಚೈನ್ ಬಿಚ್ಚುವ ಮೊದಲೇ ಪಿನ್ ತೆಗೆದು ಕೈಯಲ್ಲಿ ಅಲ್ಲಾಡಿಸಿದರೆ ತೂಕ ಯಾವ ಕಡೆಗಿದೆ ಎಂದು ಕೈಗೇ ಗೊತ್ತಾಗುತ್ತದೆ. ಇನ್ನೊಂದು ಮಾತು: ಹೆಡ್ ಬಿಚ್ಚಿದ ದಿನ ಈ ಸಮತೋಲ ಬದಲಾಗುತ್ತದೆ. ನಿನ್ನೆ ಹಗುರವಾಗಿ ತಿರುಗಿದ್ದು ಇವತ್ತು ಹಾಗೆ ತಿರುಗುವುದಿಲ್ಲ. ಒಬ್ಬ ಹ್ಯಾಂಡಲ್ ಹಿಡಿದ ಮೇಲೇ ಇನ್ನೊಬ್ಬ ಪಿನ್ ಮುಟ್ಟಬೇಕು.

ಕೊಳ್ಳುವಾಗ ಕಂಬ ಕೊಂಚ ಹಿಂದಕ್ಕೆ ವಾಲಿದೆಯೇ ನೋಡಿ. ಭಾರ ಬಿದ್ದಾಗ ಮುಂದಕ್ಕೆ ಜಗ್ಗುವುದನ್ನು ಸರಿದೂಗಿಸಲು ಹಾಗೆ ಮಾಡಿರುತ್ತಾರೆ, ಅದು ಸೊಟ್ಟ ಅಲ್ಲ. ತಟ್ಟೆಯ ಕೊಳವೆ ಕಂಬದ ತಲೆಯೊಳಗೆ ಬರೀ ತೂರಿಕೊಂಡಿದ್ದರೆ ಅದು ಮುಂದಕ್ಕೆ ಜಾರದಂತೆ ಹಿಂದಿನಿಂದ ಅಡ್ಡ ಬೋಲ್ಟೋ ರಿಂಗೋ ಇರಲೇಬೇಕು. ಇಲ್ಲದಿದ್ದರೆ ಲೇತ್ ಅಂಗಡಿಯಲ್ಲಿ ತೂತು ಹೊಡೆಸಿ ಹಾಕಿಸಿ.

ಗೇರ್ ಇರುವ ಸ್ಟ್ಯಾಂಡ್

ತಿರುಗಿಸುವ ಜಾಗದಲ್ಲಿ ವರ್ಮ್ ಗೇರಿನ ಪೆಟ್ಟಿಗೆ ಇರುತ್ತದೆ. ಹ್ಯಾಂಡಲ್ ಸುತ್ತಿದಷ್ಟೇ ಇಂಜಿನ್ ತಿರುಗುತ್ತದೆ, ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹ್ಯಾಂಡಲಿನಿಂದ ಗೇರು ತಿರುಗಬಹುದು, ಗೇರಿನಿಂದ ಹ್ಯಾಂಡಲ್ ತಿರುಗಲಾರದು, ಗುಟ್ಟು ಅಷ್ಟೇ. ಪಿನ್ ಎಳೆಯುವ ಆ ಕ್ಷಣದ ಅಪಾಯವೇ ಇಲ್ಲಿಲ್ಲ. ಒಬ್ಬರೇ ಕೆಲಸ ಮಾಡುವವರಿಗೆ, ಅದೂ ರಾತ್ರಿ ಹೊತ್ತು ಸಹಾಯಕ್ಕೆ ಯಾರೂ ಸಿಗದೆ ಮಾಡುವವರಿಗೆ, ಈ ಒಂದು ಕಾರಣಕ್ಕೇ ಹೆಚ್ಚಿನ ದುಡ್ಡು ಕೊಡಬಹುದು.

ಆದರೆ ಗೇರು ಇದ್ದ ಮಾತ್ರಕ್ಕೆ ಸ್ಟ್ಯಾಂಡು ಗಟ್ಟಿ ಎಂದಲ್ಲ. ತೆಳ್ಳನೆಯ ಪೈಪಿನ ಕಂಬದ ಮೇಲೆ ದೊಡ್ಡ ಗೇರ್ ಪೆಟ್ಟಿಗೆ ಕೂರಿಸಿ ಮಾರುವವರೂ ಇದ್ದಾರೆ. ಪೆಟ್ಟಿಗೆಯ ಉದ್ದ ಎಷ್ಟೋ ಅಷ್ಟು ಇಂಜಿನ್ ಮುಂದೆ ಸರಿದಿದ್ದರೆ ಕೊಡ ಹಿಡಿದ ಕೈಯನ್ನು ಇನ್ನಷ್ಟು ಚಾಚಿದಂತೆಯೇ ಸರಿ. ಬಣ್ಣ ನೋಡಬೇಡಿ, ಬುಡದ ವೆಲ್ಡಿಂಗ್ ನೋಡಿ.

ನಾವೇ ಮಾಡಿಸಿದರೆ?

ಊರಿನ ಫ್ಯಾಬ್ರಿಕೇಶನ್ ಅಂಗಡಿಯವರು ಕಬ್ಬಿಣದ ಕೆಜಿ ಲೆಕ್ಕದಲ್ಲಿ ಹಣ ಹೇಳುತ್ತಾರೆ. ಹೀಗಾಗಿ ದಪ್ಪ ಕಬ್ಬಿಣದ, ದೊಡ್ಡ ಚಕ್ರದ ಸ್ಟ್ಯಾಂಡ್ ಅಂಗಡಿಯದಕ್ಕಿಂತ ಅಗ್ಗವಾಗಿ ಬಂದುಬಿಡಬಹುದು. ನಮ್ಮ ನೆಲಕ್ಕೆ ತಕ್ಕಂತೆ ಆರು ಇಂಚಿನ ಚಕ್ರ ಹಾಕಿಸಬಹುದು, ನಿಮ್ಮ ಇಂಜಿನ್‌ನ ಬೋಲ್ಟು ತೂತುಗಳಿಗೆ ಸರಿಯಾಗಿ ತಟ್ಟೆಯನ್ನೇ ಕೊರೆಸಬಹುದು. ಒಂದೇ ಮಾದರಿಯ ಗಾಡಿ ಪದೇ ಪದೇ ಬರುವ ಗ್ಯಾರೇಜಿಗೆ, ಉದಾಹರಣೆಗೆ ಬರೀ ಬೊಲೆರೊ ಮಾಡುವವರಿಗೆ, ಇದು ಸೊಗಸಾದ ದಾರಿ.

ಕಂಬ ಮತ್ತು ಬುಡ ಸೇರುವ ಜಾಗವೇ ಇದರ ಮರ್ಮ. ಗೇಟು, ಕಿಟಕಿ ಮಾಡುವ ಕೈ ಅಲ್ಲಿ ಬರೀ ಚುಕ್ಕೆ ಚುಕ್ಕೆ ಹಿಡಿಸಿ ಗ್ರೈಂಡರ್ ಹೊಡೆದು ನುಣುಪು ಮಾಡಿಬಿಡುತ್ತದೆ. ನೋಡಲು ಚಂದ, ಒಳಗೆ ಟೊಳ್ಳು. ಸುತ್ತಲೂ ಪೂರ್ತಿ ವೆಲ್ಡ್, ಎರಡೂ ಬದಿಗೆ ತ್ರಿಕೋನದ ಪಟ್ಟಿ, ಮೇಲೆ ಗ್ರೈಂಡಿಂಗ್ ಬೇಡ ಎಂದು ಮೊದಲೇ ಹೇಳಿ. ಇಂಜಿನ್ ಹಾಕುವ ಮೊದಲು ತಟ್ಟೆಗೆ ಉದ್ದನೆಯ ಪೈಪು ಸಿಕ್ಕಿಸಿ, ಇಂಜಿನ್‌ನ ಅರ್ಧದಷ್ಟು ದೂರವಲ್ಲ, ಅದರ ಪೂರ್ತಿ ಉದ್ದದಷ್ಟು ಆಚೆ ಸಿಮೆಂಟ್ ಮೂಟೆಗಳನ್ನು ನೇತುಹಾಕಿ ಒಂದು ರಾತ್ರಿ ಬಿಡಿ. ಮೂಟೆ 50 ಕೆಜಿ, ಲೆಕ್ಕ ಸುಲಭ. ಹತ್ತಿರ ಮಕ್ಕಳು, ನಾಯಿ ಸುಳಿಯದಂತೆ ನೋಡಿಕೊಳ್ಳಿ.

ಭಾರಿ ಡೀಸೆಲ್ ಇಂಜಿನ್‌ಗಳಿಗೆ ಇನ್ನೊಂದು ಉಪಾಯವಿದೆ: ಹಿಂದಿನಿಂದ ನೇತುಹಾಕದೆ, ಗಾಡಿಯಲ್ಲಿ ಇಂಜಿನ್ ಕೂರುವ ಮೌಂಟಿಂಗ್ ಜಾಗಗಳಲ್ಲೇ ಎರಡು ಬದಿಯಿಂದ ಹಿಡಿಯುವ ಗಿಡ್ಡ ಚೌಕಟ್ಟು. ಮಗುಚಲು ಆಗದು. ಆದರೆ ಚಾಚುವ ಭಾರ ಇಲ್ಲ, ಹಿಂಭಾಗ ಪೂರ್ತಿ ತೆರೆದಿರುತ್ತದೆ, ಫ್ಲೈವೀಲ್ (ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರ), ಕ್ಲಚ್ ಎಲ್ಲ ಅಲ್ಲೇ ಕೂರಿಸಬಹುದು. ಲಾರಿಯ ಆರು ಸಿಲಿಂಡರ್ ಇಂಜಿನ್‌ಗೆ ಕಾರಿನ ಸ್ಟ್ಯಾಂಡು ಹುಡುಕುವವರಿಗೆ ನಾನು ಹೇಳುವುದು ಇದನ್ನೇ.

ಬೋಲ್ಟಿನಲ್ಲಿ ಕಂಜೂಸಿ ಮಾಡಬೇಡಿ

ಎಷ್ಟು ದುಬಾರಿ ಸ್ಟ್ಯಾಂಡ್ ತಂದರೂ ಇಂಜಿನ್ ಅನ್ನು ಹಿಡಿದಿರುವುದು ನಾಲ್ಕು ಬೋಲ್ಟು. ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚೊತ್ತಿದ್ದನ್ನೇ ತನ್ನಿ, ಅಂಗಡಿಯಲ್ಲಿ ಎಚ್‌ಟಿ (ಹೈ ಟೆನ್ಸೈಲ್, ಗಟ್ಟಿ ಉಕ್ಕಿನ) ಬೋಲ್ಟ್ ಎಂದರೆ ಕೊಡುತ್ತಾರೆ. 8.8ರ ಬೋಲ್ಟು ಸೊಟ್ಟಗಾಗಲು ಶುರುವಾಗುವುದು 640 ಮೆಗಾಪಾಸ್ಕಲ್‌ಗೆ, ಸಾಮಾನ್ಯ 4.6ರದು 240ಕ್ಕೇ. ಗುರುತೇ ಇಲ್ಲದ ಬೋಲ್ಟು ಗೇಟಿಗಿರಲಿ.

ಗೇರ್‌ಬಾಕ್ಸಿನಿಂದ ಬಿಚ್ಚಿದ ಬೋಲ್ಟುಗಳು ಸಾಮಾನ್ಯವಾಗಿ ಇಲ್ಲಿಗೆ ಗಿಡ್ಡವಾಗುತ್ತವೆ, ಏಕೆಂದರೆ ತಟ್ಟೆಯಿಂದ ಚಾಚಿ ಬ್ಲಾಕನ್ನು ಹಿಡಿಯುವ ತೋಳಿನ ಕೊಳವೆ ದಪ್ಪ. ಬ್ಲಾಕಿನ ತೂತಿನ ಆಳವನ್ನು ತಂತಿ ಹಾಕಿ ಅಳೆಯಿರಿ. ಕಬ್ಬಿಣದ ಬ್ಲಾಕಾದರೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಥ್ರೆಡ್ ಒಳಗೆ ಹೋಗಿರಬೇಕು, ಅಲ್ಯೂಮಿನಿಯಂ ಆದರೆ ಎರಡು ಪಟ್ಟು. 10 ಎಂಎಂ ಬೋಲ್ಟಿಗೆ 15 ಮತ್ತು 20 ಎಂಎಂ ಎಂದಾಯಿತು. ಎರಡು ಸುತ್ತು ಹಿಡಿದುಕೊಂಡಿದೆ, ನಡೆಯುತ್ತೆ ಬಿಡು ಎನ್ನುವುದು ಅಪಾಯದ ಮಾತು. ಪಿಚ್, ಅಂದರೆ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ, ಅದನ್ನೂ ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ಮನೆ 10 ಎಂಎಂ ಎಂದರೆ 1.5ರ ಪಿಚ್ ಕೈಗೆ ಬರುತ್ತದೆ, ಜಪಾನಿ ವಿನ್ಯಾಸದ ಇಂಜಿನ್‌ಗಳಲ್ಲಿ ಬಹುಪಾಲು 1.25. ಹಳೆಯ ಅಂಬಾಸಿಡರಿನ 1489 ಸಿಸಿಯಲ್ಲಂತೂ ಇಂಚಿನ ಲೆಕ್ಕ. ಹಳೆಯ ಬೋಲ್ಟು ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಗಲ್ಲಿಗಳಲ್ಲಿ ಅದಕ್ಕೆ ಜೋಡಿ ಸಿಕ್ಕೇ ಸಿಗುತ್ತದೆ.

ಕೂರಿಸುವ ಕ್ರಮ ಹೀಗಿರಲಿ. ಆಯಿಲ್, ಕೂಲಂಟ್ ಇಳಿಸಿ. ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರೂ ಹೊರಗೆ ಬರಬೇಕು, ಇಲ್ಲವಾದರೆ ತಟ್ಟೆಯ ತೋಳು ಬ್ಲಾಕನ್ನು ಮುಟ್ಟುವುದೇ ಇಲ್ಲ. ತಟ್ಟೆಯನ್ನು ಸ್ಟ್ಯಾಂಡಿನಿಂದ ಕಳಚಿ, ನೇತಾಡುತ್ತಿರುವ ಇಂಜಿನ್‌ಗೆ ಮೊದಲು ಅದನ್ನು ಬಿಗಿಯಿರಿ: ನಾಲ್ಕು ತೋಳುಗಳೂ ಆದಷ್ಟು ದೂರ ದೂರ ಹರಡಿ, ಬ್ಲಾಕಿನ ಕಡೆಯ ಬೋಲ್ಟು ಮೊದಲು, ತಟ್ಟೆಯ ಕಡೆಯ ನಟ್ಟು ಆಮೇಲೆ. ನಂತರ ಕೊಳವೆಯನ್ನು ಕಂಬದ ತಲೆಗೆ ತೂರಿಸಿ. ಭಾರವನ್ನು ಒಂದೇ ಸಲ ಬಿಡಬೇಡಿ. ಇಂಚಿಂಚು ಇಳಿಸಿ, ಚೈನು ಸಡಿಲವಾದ ಮೇಲೂ ಬಿಚ್ಚದೆ ಹಾಗೇ ಬಿಟ್ಟು ಅಲ್ಲಾಡಿಸಿ ನೋಡಿ.

ಚೈನಿನ ಕೋನವನ್ನೂ ನೋಡಿ. ಎರಡು ಎಳೆಗಳು ನೆಟ್ಟಗೆ ನಿಂತಷ್ಟು ಒಳ್ಳೆಯದು. ನೆಲಕ್ಕೆ ಸಮನಾದ ಗೆರೆಯಿಂದ ಬರೀ 30 ಡಿಗ್ರಿ ಏರಿದ್ದರೆ 200 ಕೆಜಿಯ ಇಂಜಿನ್‌ಗೆ ಒಂದೊಂದು ಎಳೆಯ ಮೇಲೂ 200 ಕೆಜಿ ಎಳೆತ ಬೀಳುತ್ತದೆ. ಕ್ರೇನಿನ ತೋಳನ್ನು ಹೊರಕ್ಕೆ ಎಳೆದಷ್ಟೂ ಅದು ಎತ್ತಬಲ್ಲ ತೂಕ ಇಳಿಯುತ್ತದೆ, ತೋಳಿನ ಮೇಲಿನ ಗುರುತು ಓದಿಕೊಳ್ಳಿ. ಶೆಡ್ಡಿನ ತೊಲೆಗೋ ಮಾವಿನ ಕೊಂಬೆಗೋ ಚೈನ್ ಬ್ಲಾಕ್ ಕಟ್ಟುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ದೂರ ನಿಲ್ಲುತ್ತೇನೆ.

ಯಾರಿಗೆ ಯಾವುದು

ಜೀಪಿನವರೇ, ನಿಮ್ಮದು ಒಂದೇ ಇಂಜಿನ್, ಕಬ್ಬಿಣದ ಡೀಸೆಲ್, ನೆಲ ಅಷ್ಟಕ್ಕಷ್ಟೇ. ನಾಲ್ಕು ಚಕ್ರದ ಕೈಯಿಂದ ತಿರುಗಿಸುವ ಸ್ಟ್ಯಾಂಡು ಸಾಕು. ತೂಗಿಸಿ ನೋಡಿ ಎರಡು ಪಟ್ಟಿನದು ತನ್ನಿ, ಸಿಕ್ಕರೆ ಎರವಲು ತನ್ನಿ. ನೆಲದ ಮೇಲೆ ದಪ್ಪನೆಯ ಪ್ಲೈವುಡ್ ಹಾಸಿ ಅದರ ಮೇಲೆ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಡಿ, ಆಮೇಲೆ ತಳ್ಳಾಡಬೇಡಿ. ಬರೀ ಹೆಡ್ ಕೆಲಸವಾದರೆ ಟೈರೇ ಸಾಕು, ಉಳಿದ ದುಡ್ಡಿನಲ್ಲಿ ಬೋಲ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚ್ ತೆಗೆದುಕೊಳ್ಳಿ.

ಹೊಸ ಗ್ಯಾರೇಜಿನ ತಮ್ಮಂದಿರೇ, ನಿಮ್ಮಲ್ಲಿ ಇವತ್ತು ವ್ಯಾಗನಾರ್, ನಾಳೆ ಸುಮೊ ಬರುತ್ತದೆ. ಗೇರಿನದು ಒಂದು ಇರಲಿ. ಸಾಲ ಭಾರವಾದರೆ ಮೊದಲು ಮಾಡಿಸಿದ್ದರಲ್ಲೇ ಶುರು ಮಾಡಿ, ಆರು ತಿಂಗಳಿಗೊಮ್ಮೆ ಬುಡದ ವೆಲ್ಡಿಂಗಿನ ಬಣ್ಣ ಕೆರೆದು ಕೂದಲೆಳೆಯ ಬಿರುಕು ಇದೆಯೇ ನೋಡಿ. ಎಷ್ಟೇ ಅವಸರವಿದ್ದರೂ ಕಲಿಯುವ ಹುಡುಗನ ಕೈಗೆ ಪಿನ್ ಎಳೆಯುವ ಕೆಲಸ ಕೊಡಬೇಡಿ.

ಹೊರದೇಶದವರಿಗೆ ನುಣುಪು ನೆಲ ಇದೆ, ಜಾಗ ಕಡಿಮೆ, ಕೆಲಸ ಒಬ್ಬರದೇ. ಮಡಚುವ ನಾಲ್ಕು ಚಕ್ರದ್ದು ನೋಡಿ, ಕೀಲಿನ ಪಿನ್ನುಗಳು ಸಡಿಲವಿಲ್ಲದಿದ್ದರೆ ಅದೇ ಸರಿ. ವಿ8 ಆದರೆ ಗೇರಿನದು. ವಾರಗಟ್ಟಲೆ ಇಂಜಿನ್ ಸ್ಟ್ಯಾಂಡಿನ ಮೇಲೇ ಉಳಿಯುವುದಾದರೆ ಮುಂಭಾಗದ ಕೆಳಗೆ ಮರದ ದಿಮ್ಮಿ ಊರುಗೋಲು ಕೊಡಿ, ಕಂಬಕ್ಕೂ ಬ್ಲಾಕಿನ ಥ್ರೆಡ್ಡಿಗೂ ಉಸಿರು ಬಂದೀತು.

ಇವೆಲ್ಲದರ ಜೊತೆ ಒಂದು ದಿನದ ಲೆಕ್ಕವನ್ನು ಎಲ್ಲರೂ ಮರೆಯುತ್ತಾರೆ. ಹಿಂದಿನಿಂದ ಹಿಡಿದ ಸ್ಟ್ಯಾಂಡಿನ ಮೇಲಿರುವಾಗ ಫ್ಲೈವೀಲ್, ಕ್ಲಚ್ ಕೂರಿಸಲು ಆಗುವುದಿಲ್ಲ. ಹಿಂದಿನ ಆಯಿಲ್ ಸೀಲ್‌ಗೂ ಎಷ್ಟೋ ಇಂಜಿನ್‌ಗಳಲ್ಲಿ ಕೈ ಹೋಗದು. ಇಂಜಿನ್ ಮತ್ತೆ ಚೈನಿಗೆ ತೂಗಿದಾಗಲೇ ಆ ಕೆಲಸ. ಕ್ರೇನ್ ಬಾಡಿಗೆಯದಾದರೆ ಇಳಿಸಿದ ದಿನವೇ ಆ ಎರಡನೆಯ ದಿನಕ್ಕೂ ಹೇಳಿಟ್ಟುಬಿಡಿ, ಸೀಲು ಮತ್ತು ಫ್ಲೈವೀಲ್ ಬೋಲ್ಟುಗಳನ್ನು ಮೊದಲೇ ತಂದಿಟ್ಟುಕೊಂಡಿರಿ.